ಸೊಂಡಿಲಿನ ಕಿಂಡಿ

ಹಳೆಯ ಯಂತ್ರ ಕೊಳ್ಳಲು ಹೋದಾಗ ತುಕ್ಕು ಎಲ್ಲಿದೆ ಎಂದು ಹುಡುಕುತ್ತ ಹೊತ್ತು ಕಳೆಯಬೇಡಿ. ತುಕ್ಕು ಉಜ್ಜಿದರೆ ಹೋಗುತ್ತದೆ. ಬಣ್ಣ ಎಲ್ಲಿ ಹೊಸದಾಗಿದೆ ಎಂದು ನೋಡಿ. ಅಲ್ಲಿ ಬೆರಳಿಟ್ಟು, ಇಲ್ಲಿ ಏನಾಗಿತ್ತು ಎಂದು ಕೇಳಿ. ಮಾರುವವನು ಕೊಡುವ ಉತ್ತರ ಹಾಗಿರಲಿ, ಉತ್ತರ ಕೊಡುವ ಮುಂಚೆ ಅವನು ಎತ್ತ ನೋಡುತ್ತಾನೆ ಎಂಬುದನ್ನು ಗಮನಿಸಿ.

ಅರವತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ರಾಬರ್ಟ್‌ಸನ್‌ಪೇಟೆಯ ಹೊರಗೆ ಒಬ್ಬ ಮರದ ವ್ಯಾಪಾರಿ ತನ್ನ ಅಂಗಳದ ಮೂಲೆಯಲ್ಲಿ, ತಗಡಿನ ಕೆಳಗೆ, ಮರದ ತುಂಡನ್ನು ಚಕ್ಕೆ ಮಾಡುವ ಯಂತ್ರವೊಂದನ್ನು ಮುಚ್ಚಿಟ್ಟಿದ್ದ. ನಾನು ಅದನ್ನು ಸುತ್ತು ಹಾಕಿ ನೋಡಿದೆ. ಎದೆಯೆತ್ತರದಲ್ಲಿ, ಕಬ್ಬಿಣದ ಮೈಗೆ ಮೊಳದುದ್ದದ ತೇಪೆ ಹಾಕಿ ಬೆಸೆದಿದ್ದರು. ಅಲ್ಲಿ ಮಾತ್ರ ಹಸಿರು ಬಣ್ಣ ಹೊಸದು. ಆ ಬಣ್ಣದ ಮೇಲೆ ಕುಂಕುಮ. ಆಯುಧಪೂಜೆ ಕಳೆದು ಎಷ್ಟೋ ತಿಂಗಳಾಗಿತ್ತು. ಕುಂಕುಮ ಮಾತ್ರ ಬೆರಳಿಗೆ ಅಂಟುವಷ್ಟು ಹಸಿಯಾಗಿತ್ತು.

"ಇದೇನು?" ಅಂದೆ.

ಅವನು ತನ್ನ ಮನೆಯ ಬಾಗಿಲ ಕಡೆ ನೋಡಿ, "ಲಾರಿಯಿಂದ ಇಳಿಸೋವಾಗ ಏಟು ಬಿತ್ತು ಸ್ವಾಮಿ. ಕೆಲಸಕ್ಕೇನೂ ತೊಂದರೆ ಇಲ್ಲ" ಅಂದ.

ಆ ತೇಪೆಯನ್ನೇ ತೋರಿಸಿ ತೋರಿಸಿ ಚೌಕಾಸಿ ಮಾಡಿದೆ. ಅವನು ನಾನು ಎಣಿಸಿದ್ದಕ್ಕಿಂತ ಬೇಗ ಇಳಿದ. ಬೇಗ ಇಳಿಯುವವನು ಯಂತ್ರ ಮಾರುತ್ತಿಲ್ಲ, ತೊಲಗಿಸುತ್ತಿದ್ದಾನೆ. ಇದು ಆಗ ಹೊಳೆಯಲಿಲ್ಲ. ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಈ ಯಂತ್ರ ನೋಡದವರಿಗೆ ಸ್ವಲ್ಪ ವಿವರ ಹೇಳಬೇಕು. ಗಾಡಿಯ ಗಾಲಿಯಷ್ಟು ದೊಡ್ಡ ಉಕ್ಕಿನ ತಟ್ಟೆ. ಅದರ ಮುಖದ ಮೇಲೆ ಬ್ಲೇಡುಗಳು, ಪ್ರತಿ ಬ್ಲೇಡಿನ ಪಕ್ಕ ಒಂದು ಸೀಳು. ತಟ್ಟೆ ತಿರುಗುವಾಗ ಮರದ ತುಂಡನ್ನು ಒತ್ತಿದರೆ ಹೆರೆದ ಚಕ್ಕೆ ಸೀಳಿನೊಳಗಿಂದ ಹಿಂದಕ್ಕೆ ಹೋಗುತ್ತದೆ. ತಟ್ಟೆಯ ಅಂಚಿನಲ್ಲಿ ಕಬ್ಬಿಣದ ರೆಕ್ಕೆಗಳಿರುತ್ತವೆ. ಅವು ಚಕ್ಕೆಯನ್ನೂ ಗಾಳಿಯನ್ನೂ ಒಟ್ಟಿಗೆ ಬೀಸಿ ಮೇಲಿನ ಕೊಳವೆಗೆ ಎಸೆಯುತ್ತವೆ. ಕೊಳವೆ ನೆಟ್ಟಗೆ ಮೇಲಕ್ಕೆ ಹೋಗಿ, ಬಾಗಿ, ಪಕ್ಕದಲ್ಲಿ ನಿಂತ ವ್ಯಾಗನ್ನಿನೊಳಕ್ಕೆ ಚಕ್ಕೆ ಉಗುಳುತ್ತದೆ. ನಮ್ಮ ಆಳುಗಳು ಅದನ್ನು ಸೊಂಡಿಲು ಎನ್ನುತ್ತಿದ್ದರು. ತಟ್ಟೆಯನ್ನು ಮುಚ್ಚಿಕೊಂಡಿರುವ ಕಬ್ಬಿಣದ ಗೂಡಿಗೆ ಡಬ್ಬ ಎಂದು ಹೆಸರು. ಸೊಂಡಿಲು ಡಬ್ಬಕ್ಕೆ ಸೇರುವ ಜಾಗದಲ್ಲೇ ನಾನು ಹೇಳಿದ ತೇಪೆ. ಅದಕ್ಕಿಂತ ಒಂದು ಗೇಣು ಮೇಲೆ, ಸೊಂಡಿಲಿನ ಬುಡದಲ್ಲಿ, ಮುಚ್ಚಳವಿರುವ ಒಂದು ಕಿಂಡಿ.

ದೂರದ ಕಾರ್ಖಾನೆಯೊಂದು ನೀಲಗಿರಿ ಮರದ ಚಕ್ಕೆಯನ್ನು ಬೇಯಿಸಿ, ಒತ್ತಿ, ಹಲಗೆ ಮಾಡುತ್ತಿತ್ತು. ಬಂಗಾರಪೇಟೆಯಲ್ಲಿ ರೈಲು ವ್ಯಾಗನ್ ತುಂಬಿ ಕಳಿಸುವ ಒಪ್ಪಂದ ನನಗೆ ಸಿಕ್ಕಿತ್ತು. ಸೈಡಿಂಗಿನ, ಎಂದರೆ ವ್ಯಾಗನ್ ನಿಲ್ಲಿಸುವ ಬದಿಯ ಹಳಿಯ, ಪಕ್ಕ ಯಂತ್ರ ಕೂರಿಸಿ, ಆಯಿಲ್ ಇಂಜಿನ್ನಿನಿಂದ ಅದಕ್ಕೆ ಬೆಲ್ಟು ಕೊಟ್ಟೆವು. ಕೂರಿಸಿದವನು ಚಿನ್ನದ ಗಣಿಯ ಪಕ್ಕದ ಕೋರಮಂಡಲ್ಲಿನ ಒಬ್ಬ ಫಿಟರ್. ಗಣಿಯ ವರ್ಕ್‌ಷಾಪಿನಲ್ಲಿ ದುಡಿದು ಬಿಟ್ಟವನು. ಮನೆಮಾತು ತಮಿಳು, ಬಾಯಿಗೆ ಬಂದದ್ದು ಕನ್ನಡ, ತೆಲುಗು ಸೇರಿ ಮೂರೂ ಭಾಷೆ. ಡಬ್ಬ ಬಿಚ್ಚಿದ ದಿನ ಅವನು ಒಳಗೆ ಕೈಯಾಡಿಸಿ ನನ್ನನ್ನು ಕರೆದ.

"ಮೊದಲಾಳಿ, ಇಂಗ ಪಾರುಂಗೋ. ಇಲ್ಲಿ ಕೈ ಇಟ್ಟು ನೋಡಿ."

ಇಟ್ಟೆ. ತೇಪೆಯ ಹಿಂದೆ ಹಳೆಯ ತಗಡಿನ ಹರಿದ ಅಂಚು ಹೂವಿನ ದಳದ ಹಾಗೆ ಹೊರಕ್ಕೆ ಮಡಚಿತ್ತು.

"ಲಾರಿಯಿಂದ ಬಿದ್ರೆ ಒಳಕ್ಕೆ ಹೋಗುತ್ತೆ. ಇದು ಒಳಗಿಂದ ಹೊರಕ್ಕೆ ಬಂದಿರೋದು" ಅಂದ. "ಬ್ಲೇಡು ಕಿತ್ಕೊಂಡು ಹೋಗಿರಬೇಕು. ನಾನು ಬೋಲ್ಟೆಲ್ಲ ಹೊಸದು ಹಾಕ್ತೀನಿ."

ಹಾಕಿದ. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡೆವು.

ಕೆಲಸಕ್ಕೆ ಭಾವನನ್ನು ಕರೆದುಕೊಂಡೆ. ನನ್ನ ಅಕ್ಕನ ಗಂಡ. ಅವರು ಗಣಿಯಲ್ಲಿ ಇದ್ದದ್ದು ಚೂಟಿನ ಕೆಲಸದಲ್ಲಿ. ಮೇಲಿನ ಹಂತದಲ್ಲಿ ಒಡೆದ ಅದಿರು ಮರದ ಜಾರುದಾರಿಯಲ್ಲಿ ಇಳಿದು ಕೆಳಗಿನ ಗಾಡಿಗೆ ಬೀಳುತ್ತದೆ, ಅದು ಚೂಟು. ಕಲ್ಲು ಕಲ್ಲು ಸೇರಿ ಒಳಗೆ ಕಮಾನು ಕಟ್ಟಿ ನಿಂತರೆ, ಕೆಳಗೆ ಪಕ್ಕಕ್ಕೆ ನಿಂತು, ಉದ್ದನೆಯ ಕಬ್ಬಿಣದ ಗಡಾರಿಯಿಂದ ಮೇಲಕ್ಕೆ ತಿವಿದು ಬೀಳಿಸಬೇಕು. ಭಾವನ ಪಾಳಿಯಲ್ಲಿ ಚೂಟು ನಿಂತು ಗಾಡಿ ಕಾದದ್ದಿಲ್ಲ ಎಂದು ಗಣಿ ಕೆಲಸಗಾರರ ಲೈನಿನ ಮನೆಗಳಲ್ಲಿ ಮಾತಿತ್ತು. ಆಮೇಲೆ ಒಂದು ದಿನ ಆಳದಲ್ಲಿ ಬಂಡೆ ತಾನಾಗಿ ಸಿಡಿಯಿತು. ಬ್ಲಾಸ್ಟು ಎನ್ನುತ್ತಾರೆ ಅದಕ್ಕೆ. ಮುಚ್ಚಿಹೋದ ದಾರಿಯ ಆಚೆ ಕಡೆಯಿಂದ ಭಾವನನ್ನು ಜೀವಂತ ಎಳೆದು ತಂದರು. ಜೊತೆಯಲ್ಲಿದ್ದವರನ್ನು ಆಮೇಲೆ ತಂದರು. ಅಲ್ಲಿಂದ ಮುಂದೆ ಅವರಿಗೆ ಗಣಿಗೆ ಆಳು ಇಳಿಸುವ ತೊಟ್ಟಿಲೊಳಕ್ಕೆ ಕಾಲಿಡಲು ಆಗಲಿಲ್ಲ. ಇಳಿಯುವ ಗಂಟೆ ಕೇಳಿದರೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಎದ್ದು ಒಳಗೆ ಹೋಗುತ್ತಿದ್ದರು.

ನಾನು ಕರೆಯಲು ಹೋದ ದಿನ ಅಕ್ಕ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿದಳು.

"ಏನ್ ಮಿಸೀನ್ಲಾ ಅದು?"

"ಮರ ಚಕ್ಕೆ ಮಾಡೋದು ಕಣಕ್ಕ. ಬಯಲಲ್ಲಿ ಕೆಲಸ. ತಲೆ ಮೇಲೆ ಆಕಾಶ ಬಿಟ್ರೆ ಏನೂ ಇಲ್ಲ."

"ನಿನ್ ಯಾಪಾರದ ಮಾತು ನನ್ ಅತ್ರ ಬ್ಯಾಡ. ಗಣಿ ನಿಮ್ ಬಾವನ್ನ ವಾಪಸ್ಸು ಕೊಟ್ಟೈತೆ. ನೀನೂ ಅಂಗೇ ಕೊಡ್ಬೇಕು. ಒಂದ್ ಬೆರಳು ಕಮ್ಮಿ ಆದ್ರೂ ನಾನ್ ಇಸ್ಕೊಳ್ಳಾಕಿಲ್ಲ."

ಒಳಗಿನಿಂದ ಭಾವ ನಕ್ಕರು. "ಅವಳ ಅತ್ರ ಚೌಕಾಸಿ ನಡ್ಯಲ್ಲ ಕಣ್ಲಾ ಬಾಮೈದ. ಬಾ ಓಗವ."

ಮೊದಲ ವ್ಯಾಗನ್ನಿನ ದಿನವೇ ಸೊಂಡಿಲು ಕಟ್ಟಿಕೊಂಡಿತು. ನೀಲಗಿರಿಯ ಸಿಪ್ಪೆ ಹಸಿಯಾಗಿದ್ದರೆ ನಾರಿನ ಹಾಗೆ ಉದ್ದುದ್ದ ಸುಲಿಯುತ್ತದೆ. ಆ ಪಟ್ಟಿಗಳು ಸೊಂಡಿಲಿನ ಬಾಗಿನಲ್ಲಿ ತಗಲಿಕೊಳ್ಳುತ್ತವೆ. ಅವುಗಳ ಮೇಲೆ ಚಕ್ಕೆ ಕೂರುತ್ತದೆ. ಹಿಂದೆ ಬಂದದ್ದೆಲ್ಲ ಡಬ್ಬದೊಳಗೆ ಅಡಕುತ್ತದೆ. ಆಗ ಯಂತ್ರದ ಸದ್ದು ಬದಲಾಗುತ್ತದೆ. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಿದ್ದದ್ದು ಗೊರಗೊರ ಆಗಿ, ಆಮೇಲೆ ಏನೂ ಇರುವುದಿಲ್ಲ. ಇಂಜಿನ್ ಒಂದೇ ಏದುಸಿರು ಬಿಡುತ್ತಿರುತ್ತದೆ. ಆ ನಿಶ್ಶಬ್ದಕ್ಕೆ ನಾನು ಎಂದೂ ಒಗ್ಗಿಕೊಳ್ಳಲಿಲ್ಲ.

ನಾನು ಮಾಡಿದ ನಿಯಮ ಇಷ್ಟು: ಕಟ್ಟಿಕೊಂಡರೆ ಬೆಲ್ಟನ್ನು ತಟ್ಟೆಗೆ ಸೇರದೆ ಸುಮ್ಮನೆ ತಿರುಗುವ ಖಾಲಿ ಗಾಲಿಗೆ ಸರಿಸಬೇಕು, ತಟ್ಟೆ ಪೂರ್ತಿ ನಿಲ್ಲುವವರೆಗೆ ಕಾಯಬೇಕು, ಡಬ್ಬದ ಮುಚ್ಚಳ ಬಿಚ್ಚಿ ಕೈಯಿಂದ ತೆಗೆಯಬೇಕು. ಭಾವ ನಿಯಮ ಕೇಳಿಸಿಕೊಂಡರು. ಕಿಂಡಿಯ ಮುಚ್ಚಳ ಸರಿಸಿ ಒಳಗೆ ಬಗ್ಗಿ ನೋಡಿದರು. ಅವರ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಗೆಲುವು ಕಂಡಿತು.

"ಇದು ಚೂಟೇ ಅಲ್ವೇನ್ಲಾ! ತಲೆಕೆಳಗ್ ಮಾಡವ್ರೆ ಅಷ್ಟೇಯ. ಇದಕ್ಯಾಕೆ ಡಬ್ಬ ಬಿಚ್ಚಾದು? ಗಡಾರಿ ತತ್ತಾ."

"ಬಾವ, ಮೊದ್ಲು ಬೆಲ್ಟು ಸರಿಸ್ಬೇಕು."

"ಗಣೀಲಿ ಚೂಟ್ ಕಟ್ಕಂಡ್ರೆ ಕಲ್ಲು ಅರೆಯೋ ಮಿಲ್ಲು ನಿಲ್ಲಿಸ್ತಾರಾ?"

ನಾನು ಬೆಲ್ಟು ಸರಿಸಿದೆ. ಅವರು ತಿವಿದರು. ಗಡಾರಿ ಹಿಡಿಯುವ ಕ್ರಮವೇ ಬೇರೆ ಅವರದು: ಕಿಂಡಿಗೆ ಎದುರು ನಿಲ್ಲದೆ ಪಕ್ಕಕ್ಕೆ ನಿಂತು, ಹೆಬ್ಬೆರಳು ಸುತ್ತದೆ, ಅಂಗೈ ಮೇಲೆ ಸಡಿಲವಾಗಿ ಇಟ್ಟುಕೊಂಡು ಮೇಲಕ್ಕೆ ದೂಡುವುದು. ಗಡ್ಡೆ ಕಟ್ಟಿದ್ದು ಕಳಚಿ ಬಿತ್ತು. ಆಳುಗಳು ಭೇಷ್ ಎಂದರು. ಆವತ್ತಿನಿಂದ ಕಿಂಡಿ ಭಾವನ ಜಾಗವಾಯಿತು. ಬೇರೆ ಯಾರಾದರೂ ಗಡಾರಿ ಮುಟ್ಟಿದರೆ ಅವರಿಗೆ ಆಗುತ್ತಿರಲಿಲ್ಲ.

ಕಟ್ಟಿಕೊಳ್ಳುವುದನ್ನೇ ನಿಲ್ಲಿಸಬೇಕು ಎಂದು ನಾನು ಹಟ ಹಿಡಿದೆ. ಮೊದಲ ಉಪಾಯ ನನ್ನದು: ಕೊಳವೆ ಅಗಲ ಮಾಡುವುದು. ರಾಬರ್ಟ್‌ಸನ್‌ಪೇಟೆಯ ಗುಜರಿಯಲ್ಲಿ ಗಣಿಗೆ ಗಾಳಿ ಬಿಡುವ ದೊಡ್ಡ ಕೊಳವೆಯ ತುಂಡು ಸಿಕ್ಕಿತು. ಅರ್ಧ ದಿನ ಅಂಗಡಿಯವನ ಜೊತೆ ಟೀ ಕುಡಿದು, ಎದ್ದು ಹೊರಟ ಹಾಗೆ ಮಾಡಿ, ವಾಪಸು ಕರೆಸಿಕೊಂಡು ತಂದೆ. ಕಿಂಡಿ ಇದ್ದ ಬುಡವನ್ನು ಉಳಿಸಿಕೊಂಡು ಮೇಲಿನ ಭಾಗಕ್ಕೆ ಅದನ್ನು ಸೇರಿಸಿದೆವು. ಮೊದಲಿಗಿಂತ ಹೆಚ್ಚು ಕಟ್ಟಿಕೊಂಡಿತು. ಬೀಸಿದ ಗಾಳಿ ಅಗಲ ಜಾಗ ಸಿಕ್ಕಿದೊಡನೆ ನಿಧಾನವಾಗುತ್ತದೆ, ಚಕ್ಕೆಯನ್ನು ಹೊತ್ತುಕೊಂಡು ಹೋಗುವ ಕಸುವು ಅದಕ್ಕೆ ಉಳಿಯುವುದಿಲ್ಲ. ನೀರಿನ ಕಾಲುವೆಯಲ್ಲಿ ಇದನ್ನು ಸಾವಿರ ಸಲ ನೋಡಿದ್ದೆ, ಗಾಳಿಯಲ್ಲಿ ಯೋಚಿಸಿರಲಿಲ್ಲ. ಅಗಲ ಮಾಡಿದರೆ ಸಲೀಸು ಎಂದು ಯಾರಾದರೂ ಸಲಹೆ ಕೊಟ್ಟರೆ, ಯಾವುದಕ್ಕೆ ಅಗಲ, ತಳ್ಳುವವರು ಯಾರು ಎಂದು ಕೇಳಿ.

ಹಳೆಯ ಕೊಳವೆ ವಾಪಸು ಹಾಕಿದೆವು. ಎರಡನೆಯ ಉಪಾಯ ಫಿಟರನದು. ರೆಕ್ಕೆಯ ತುದಿಗೂ ಡಬ್ಬದ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು ಇತ್ತು. ಚಕ್ಕೆ ಆ ಸಂದಿನಲ್ಲಿ ನುಸುಳಿ, ಹೊರಗೆ ಹೋಗದೆ, ಮತ್ತೆ ಸುತ್ತು ಬರುತ್ತಿತ್ತು. ಅವನು ರೆಕ್ಕೆಗಳಿಗೆ ಪಟ್ಟಿ ಬೆಸೆದು ಸಂದು ಕಿರಿದು ಮಾಡಿದ. ಆಮೇಲೆ ಇನ್ನೊಂದು ಗಮನಿಸಿದ: ತೇಪೆ ಹಾಕಿದವರು ಡಬ್ಬದ ಪಕ್ಕದಲ್ಲಿದ್ದ ತೂತುಗಳನ್ನೂ ಮುಚ್ಚಿಬಿಟ್ಟಿದ್ದರು. ಒಳಗೆ ಗಾಳಿ ಬಾರದೆ ರೆಕ್ಕೆ ಏನನ್ನು ಬೀಸಬೇಕು? ತೂತು ತೆರೆದ. ಒಣ ಮರಕ್ಕೆ ಯಂತ್ರ ಚೆನ್ನಾಗಿ ಉಗುಳಿತು. ಫಿಟರ್ ಬೀಡಿ ಹಚ್ಚಿಕೊಂಡು, "ಇನಿಮೇ ಒಂದು ತಿಂಗಳು ನನ್ನ ಕೂಗಬೇಡಿ ಮೊದಲಾಳಿ" ಎಂದು ಹೋದ.

ಮಳೆ ಬಂತು. ಬೇತಮಂಗಲದ ಕೆರೆಯ ಕಡೆಯಿಂದ ಬರುತ್ತಿದ್ದ ಮರ ಕಡಿದ ಮರುದಿನವೇ ಇಳಿಯುತ್ತಿತ್ತು, ಸಿಪ್ಪೆಯಲ್ಲಿ ನೀರು ಜಿನುಗುತ್ತಿರುವ ಹಾಗೇ. ಸಿಪ್ಪೆ ಸುಲಿಸೋಣವೆಂದರೆ ಸುಲಿಯುವ ಆಳು ಸಿಗಲಿಲ್ಲ, ಬಿತ್ತನೆಗೆ ಹೋಗಿದ್ದರು. ಸೊಂಡಿಲು ಮತ್ತೆ ಕಟ್ಟಿಕೊಳ್ಳತೊಡಗಿತು. ಕಾರ್ಖಾನೆಯಿಂದ ಬೇರೆ ದೂರು ಬಂತು: ಚಕ್ಕೆಯಲ್ಲಿ ಪುಡಿ ಜಾಸ್ತಿ. ಬಾಗಿಗೆ ಬಡಿದು ಬಡಿದು ಚಕ್ಕೆ ಒಡೆಯುತ್ತಿತ್ತು. ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು.

ಅವಸರ ಎಂಬುದು ಎಲ್ಲರ ಕೈಕಾಲಿಗೂ ಹತ್ತಿತು. ಬೆಲ್ಟು ಸರಿಸುವ ಸನ್ನೆಕೋಲು ಇಂಜಿನ್ನಿನ ಆ ಕಡೆ ಇತ್ತು. ಭಾವ ಅದಕ್ಕೆ ಕಾಯುವುದನ್ನು ಬಿಟ್ಟದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ. ಒಂದು ದಿನ ಕಣ್ಣಿಗೆ ಬಿತ್ತು. ಕೂಗಾಡಿದೆ.

"ತಟ್ಟೆ ನಿಂತೈತಲ್ಲೋ, ಕಾಣಾಕಿಲ್ವಾ?" ಅಂದರು. "ಅಲ್ಲಾಡ್ತಾ ಇಲ್ಲ. ಸತ್ತೋಗೈತೆ."

ನಿಜ, ತಟ್ಟೆ ನಿಂತಿತ್ತು. ಅಡಕಿದ ಚಕ್ಕೆ ಅದನ್ನು ಹಿಡಿದು ನಿಲ್ಲಿಸಿತ್ತು. ಇಂಜಿನ್ ಮಾತ್ರ ನಡೆಯುತ್ತಲೇ ಇತ್ತು, ಬೆಲ್ಟು ಗಾಲಿಯ ಮೇಲೆ ಜಾರುತ್ತ ಹೊಗೆಯಾಡುತ್ತಿತ್ತು.

"ಬಾವ, ಅದು ಸತ್ತಿಲ್ಲ. ಕಟ್ಟಿಹಾಕ್ದಂಗೆ ಐತೆ. ನೀವೇ ಬಿಚ್ತಾ ಇದ್ದೀರಾ."

"ನಿಂಗೆ ಎದರಿಕೆ" ಎಂದು ನಕ್ಕರು. ಬಂಡೆಯ ಕೆಳಗಿಂದ ಬಂದವರಿಗೆ ನಾನು ಹೆದರಿಕೆಯ ಪಾಠ ಹೇಳುವುದು ಹೇಗೆ?

ಆಮೇಲೆ ಒಂದು ದಿನ ಮಧ್ಯಾಹ್ನ ಮೋಡ ಕವಿದು ಹೊತ್ತಿಗೆ ಮುಂಚೆ ಬೆಳಕು ಕಂದಿತ್ತು. ಮಳೆ ಹನಿಯುತ್ತಿತ್ತು. ವ್ಯಾಗನ್ ಅರ್ಧ ತುಂಬಿತ್ತು. ಫಿಟರ್ ಚಪ್ಪರದ ಕೆಳಗೆ ಕೂತು ಬ್ಲೇಡು ಮಸೆಯುತ್ತಿದ್ದ. ನಾನು ಮರದ ರಾಶಿಯ ಹತ್ತಿರ ಗಾಡಿಯವನ ಜೊತೆ ಮಾತಿನಲ್ಲಿದ್ದೆ. ಸದ್ದು ಗೊರಗೊರ ಎಂದು, ನಿಂತಿತು. ತಿರುಗಿ ನೋಡುವಷ್ಟರಲ್ಲಿ ಭಾವ ಕಿಂಡಿಯ ಮುಚ್ಚಳ ಸರಿಸಿದ್ದರು. "ಬಾವ, ಬೆಲ್ಟು!" ಎಂದು ಕೂಗುತ್ತ ಸನ್ನೆಕೋಲಿನ ಕಡೆ ಓಡಿದೆ. ನೆನೆದು ಬಿಗಿದಿದ್ದ ಸನ್ನೆಕೋಲು ಎಳೆದರೂ ಬರಲಿಲ್ಲ.

ಮೇಲಿನ ಗಡ್ಡೆ ಕಳಚಿ ದೊಪ್ಪನೆ ಬಿದ್ದದ್ದು ಕೇಳಿಸಿತು. ಡಬ್ಬದೊಳಗೆ ಜಾಗ ಆಯಿತು. ಬೆಲ್ಟು ಗಾಲಿಯನ್ನು ಕಚ್ಚಿತು. ತಟ್ಟೆ ಒಂದೇ ಉಸಿರಿಗೆ ಎದ್ದಿತು, ಗಡಾರಿಯ ತುದಿ ಕೆಳಗೆ ಜಾರಿ ರೆಕ್ಕೆಗೆ ಸಿಕ್ಕಿತು. ಆಮೇಲೆ ಕೇಳಿಸಿದ್ದು ಒಂದೇ ಸದ್ದು. ದೊಡ್ಡ ಗಂಟೆಗೆ ಸುತ್ತಿಗೆಯಿಂದ ಹೊಡೆದ ಹಾಗೆ.

ಇಂಜಿನ್ ನಿಲ್ಲಿಸಿ ಓಡಿ ಬಂದೆ. ತೇಪೆ ಇರಲಿಲ್ಲ. ಅದಿದ್ದ ಜಾಗದಲ್ಲಿ ತಗಡು ದಳದಳವಾಗಿ ಹೊರಕ್ಕೆ ಅರಳಿತ್ತು. ಎದುರಿನ ಮರದ ಪೇರಿಕೆಯಲ್ಲಿ, ಎದೆಯೆತ್ತರದಲ್ಲಿ, ಗಡಾರಿ ಅರ್ಧದವರೆಗೆ ನೆಟ್ಟುಕೊಂಡು ಇನ್ನೂ ಗುಂಯ್‌ಗುಟ್ಟುತ್ತಿತ್ತು. ಭಾವ ಪಕ್ಕದಲ್ಲಿ, ತಮ್ಮ ಯಾವತ್ತಿನ ಜಾಗದಲ್ಲೇ, ಅಂಗೈ ಬಿಚ್ಚಿಕೊಂಡು ನಿಂತಿದ್ದರು. ಹೆಬ್ಬೆರಳು ಸುತ್ತಿ ಹಿಡಿದಿದ್ದರೆ ಕೈ ಅದರ ಜೊತೆ ಹೋಗುತ್ತಿತ್ತು. ಎದುರಿಗೆ ನಿಂತಿದ್ದರೆ ಹೇಳುವುದೇ ಬೇಡ. ಅಂಗೈ ಕೆಂಪಾಗಿತ್ತು, ಅಷ್ಟೇ.

ಫಿಟರ್ ಬ್ಲೇಡು ಹಿಡಿದುಕೊಂಡೇ ಬಂದು ಆ ತೂತನ್ನು ನೋಡಿದ. ಗಡಾರಿ ನೋಡಿದ. ಮತ್ತೆ ತೂತು ನೋಡಿದ.

"ಬ್ಲೇಡು ಇಲ್ಲ ಮೊದಲಾಳಿ" ಎಂದ ಮೆಲ್ಲಗೆ. "ಅವತ್ತೂ ಬ್ಲೇಡು ಇಲ್ಲ. ಗಡಾರಿನೇ."

ಅಕ್ಕನಿಗೆ ಹೇಳಬಾರದು ಎಂದು ಭಾವ ನನ್ನಿಂದ ಮಾತು ತೆಗೆದುಕೊಂಡರು. ಸಂಜೆ ಮುದ್ದೆ ಮುರಿಯುವಾಗ ಅವರ ಕೈ ನೋಡಿಯೇ ಅವಳಿಗೆ ತಿಳಿಯಿತು. ಎಡಗೈಯಿಂದ ಆ ಕೈಯನ್ನು ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನನ್ನ ಕಡೆ ತಿರುಗಿ ಇಷ್ಟೇ ಅಂದಳು: "ಇವತ್ತು ಇಸ್ಕೊಂಡಿದ್ದೀನಿ."

ಮರುದಿನ ಯಂತ್ರ ಮಾರಿದವನ ಅಂಗಳಕ್ಕೆ ಹೋದೆ. ಅವನು ನನ್ನನ್ನು ಕಂಡೊಡನೆ ಕುರ್ಚಿ ಹಾಕಿಸಲಿಲ್ಲ, ಟೀ ತರಿಸಲಿಲ್ಲ.

"ತೇಪೆ ಕಿತ್ಕೊಂಡು ಹೋಯ್ತು" ಅಂದೆ.

"ಯಾರಿಗಾದ್ರೂ..."

"ಇಲ್ಲ."

ಅವನು ಕೂತ. "ಸತ್ತವನ ಮನೆಯೋರಿಗೆ ನಾನು ಮಾಡಬೇಕಾದ್ದು ಮಾಡಿದ್ದೀನಿ ಸ್ವಾಮಿ. ಈಗ ಯಾಕೆ ಕೆದಕ್ತೀರಿ?"

"ಕೆದಕೋಕೆ ಬಂದಿಲ್ಲ. ಅವನು ಎಲ್ಲಿ ನಿಂತಿದ್ದ ಹೇಳಿ ಸಾಕು."

"ಪಕ್ಕದಲ್ಲೇ ನಿಲ್ತಿದ್ದ. ಗಣಿಯವನು, ಚೂಟಿನಲ್ಲಿ ಕೆಲಸ ಮಾಡ್ದೋನು. ನಮಗೆಲ್ಲ ಅವನೇ ಹೇಳಿಕೊಡ್ತಿದ್ದ, ಪಕ್ಕಕ್ಕೆ ನಿಲ್ಲಿ ಅಂತ. ಅವತ್ತು ಪಕ್ಕದಲ್ಲಿ ಮರ ಪೇರಿಸಿಬಿಟ್ಟಿದ್ರು. ನಿಲ್ಲೋಕೆ ಜಾಗ ಇರಲಿಲ್ಲ."

ಆಮೇಲೆ ತಾನಾಗಿ ಹೇಳಿದ: "ಆ ಕಿಂಡಿ ಮೊದಲು ಇರಲೇ ಇಲ್ಲ. ಯಂತ್ರ ಬಂದಾಗ ಕೊಳವೆ ಇಡಿಯಾಗಿತ್ತು. ಚೂಟಿಗೆ ತಿವಿಯೋಕೆ ಕಿಂಡಿ ಇಲ್ದೆ ಹೆಂಗೆ ಅಂತ ಅವನೇ ಕೊರೆಸಿಕೊಂಡದ್ದು."

ವಾಪಸು ಬರುವ ಬಸ್ಸಿನಲ್ಲಿ ನಾನು ಯೋಚಿಸಿದ್ದು ಆ ಕಿಂಡಿಯ ವಿಷಯ. ಗಣಿಯಲ್ಲಿ ಅಪಾಯ ಯಾವಾಗಲೂ ಮೇಲಿನಿಂದ ಬರುತ್ತದೆ. ಅಲ್ಲಿ ದುಡಿದವರು ಮೇಲೆ ನೋಡುವುದನ್ನು ಕಲಿತಿರುತ್ತಾರೆ, ಬೀಳುವುದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುವುದನ್ನು ಕಲಿತಿರುತ್ತಾರೆ. ನಮ್ಮ ಯಂತ್ರದಲ್ಲಿ ಅದು ಕೆಳಗೆ ಕೂತಿತ್ತು. ಕಿಂಡಿ ಮುಚ್ಚಿ ಬೆಸೆಯಬಹುದು; ಚೂಟಿನಲ್ಲಿ ಪಳಗಿದ ಇನ್ನೊಬ್ಬ ಬಂದು ಮತ್ತೆ ಕೊರೆಸುತ್ತಾನೆ, ಒಳ್ಳೆಯ ಮನಸ್ಸಿನಿಂದಲೇ ಕೊರೆಸುತ್ತಾನೆ. ಭಾವನನ್ನು ಮನೆಗೆ ಕಳಿಸಬಹುದು; ಅವರ ಜಾಗಕ್ಕೆ ಇನ್ನೊಬ್ಬಳ ಗಂಡ ಬರುತ್ತಾನೆ. ಸೊಂಡಿಲು ಇರುವವರೆಗೆ ಅದು ಕಟ್ಟಿಕೊಳ್ಳುತ್ತದೆ, ಕಟ್ಟಿಕೊಳ್ಳುವವರೆಗೆ ಯಾರೋ ಒಬ್ಬರು ತಿವಿಯುತ್ತಾರೆ. ಬಂಗಾರಪೇಟೆಯಲ್ಲಿ ಇಳಿಯುವ ಹೊತ್ತಿಗೆ ತೀರ್ಮಾನ ಆಗಿತ್ತು. ಚಕ್ಕೆಯನ್ನು ಮೇಲಕ್ಕೆ ಎಸೆಯುವುದನ್ನೇ ಬಿಡಬೇಕು.

ಫಿಟರ್ ತಲೆ ಕೊಡವಿದ. "ವ್ಯಾಗನ್ ಮೇಲೆ ಇದೆ, ಮೆಷಿನ್ ಕೆಳಗಿದೆ. ಎಸೀದೆ ಹೆಂಗೆ ಹೋಗುತ್ತೆ? ನಡ್ಕೊಂಡು ಹೋಗುತ್ತಾ?"

"ಮೆಷಿನ್ನೇ ಮೇಲಕ್ಕೆ ಹೋಗ್ಲಿ."

ಸೈಡಿಂಗಿನ ಕೊನೆಯಲ್ಲಿ ಯಾವ ಕಾಲಕ್ಕೋ ಸರಕು ಇಳಿಸಲು ಕಟ್ಟಿದ ಎತ್ತರದ ಕಲ್ಲುಕಟ್ಟೆ ಇತ್ತು, ವ್ಯಾಗನ್ನಿನ ತಲೆಗಿಂತ ಮೇಲೆ. ಮುಳ್ಳು ಬೆಳೆದು ಹಾವು ಸೇರಿಕೊಂಡಿದ್ದ ಜಾಗ. ಸ್ಟೇಷನ್ನಿನವರ ಹತ್ತಿರ ಮುಳ್ಳು ಕಡಿದು ಕಟ್ಟೆ ರಿಪೇರಿ ಮಾಡಿಕೊಡುತ್ತೇನೆ ಎಂದು ಮಾತಾಡಿ ಅದನ್ನು ಬಳಸಲು ಒಪ್ಪಿಗೆ ಪಡೆದೆ. ನಿಮಗೆ ಬೇಕಾದ ಜಾಗ ಇನ್ನೊಬ್ಬರಿಗೆ ತಲೆನೋವಾಗಿದ್ದರೆ, ಬಾಡಿಗೆ ಕೇಳಬೇಡಿ. ತಲೆನೋವು ತೆಗೆಯುತ್ತೇನೆ ಎನ್ನಿ. ನಷ್ಟವೂ ಇತ್ತು. ಮರವನ್ನೆಲ್ಲ ಎತ್ತಿನ ಗಾಡಿಯಲ್ಲಿ ದಿಬ್ಬ ಹತ್ತಿಸಬೇಕು. ರಭಸದಿಂದ ಎಸೆದ ಚಕ್ಕೆ ವ್ಯಾಗನ್ನಿನಲ್ಲಿ ಒತ್ತೊತ್ತಾಗಿ ಕೂರುತ್ತದೆ, ಉದುರಿಸಿದ್ದು ಸಡಿಲ ಕೂರುತ್ತದೆ. ಒಂದು ವ್ಯಾಗನ್ನಿಗೆ ತೂಕ ಕಡಿಮೆ. ಅದನ್ನೆಲ್ಲ ತಿಳಿದೇ ಇಳಿದೆ.

ಗಣಿಯಿಂದ ಬಂದ ಹಳೆಯ ತೊಲೆಗಳ ಮೇಲೆ, ಕಟ್ಟೆಯ ಅಂಚಿಗೆ ಯಂತ್ರವನ್ನು ಕೂರಿಸಿದೆವು. ಡಬ್ಬದ ತಳವನ್ನು ಪೂರ್ತಿ ಕತ್ತರಿಸಿ ತೆಗೆದೆವು. ಅದರ ಕೆಳಗೆ ತಗಡಿನ ಜಾರುದಾರಿ. ಇಲ್ಲಿ ಫಿಟರನಿಗೂ ಭಾವನಿಗೂ ಜಗಳ ಹತ್ತಿತು. ವ್ಯಾಗನ್ ಬದಲಾಯಿಸುವಾಗ ಚಕ್ಕೆ ಹಳಿಯ ಮೇಲೆ ಸುರಿಯದಂತೆ ಕೆಳಗೊಂದು ಬಾಗಿಲು ಬೇಕು ಎಂದು ಫಿಟರ್.

"ಬಾಗ್ಲು ಮಡಗಿದ್ರೆ ಕಟ್ಕತದೆ" ಎಂದರು ಭಾವ. "ಕಟ್ಕಂಡ್ರೆ ನಾನು ಗಡಾರಿ ತತ್ತೀನಿ. ನನ್ ಬುದ್ಧಿ ನಂಗೆ ಗೊತ್ತಿಲ್ವಾ? ಕೆಳಿಕ್ ಓಗ್ತಾ ಓಗ್ತಾ ಅಗಲ ಮಾಡಯ್ಯ. ಎಲ್ಲೂ ಮೊಣಕೈ ಬಗ್ಗಿಸ್ಬ್ಯಾಡ."

"ಚಕ್ಕೆ ಚೆಲ್ಲಿದ್ರೆ ಯಾರು ಬಾಚೋದು, ಮಾಮಾ? ನೀವಾ?"

"ಬಾಚ್ತೀನಿ. ಬಾಚೋವಾಗ ಯಾವ್ ಬಡ್ಡಿಮಗನೂ ಸಾಯಾಕಿಲ್ಲ."

ಬಾಗಿಲು ಇಡಲಿಲ್ಲ.

ಮೊದಲ ದಿನ ಒಂದಷ್ಟು ಚಕ್ಕೆ ಕೆಳಗೆ ಬೀಳದೆ ರೆಕ್ಕೆಗೆ ಸಿಕ್ಕಿ ಮೇಲೇ ಸುತ್ತತೊಡಗಿತು. ರೆಕ್ಕೆಗಳನ್ನು ಕಿತ್ತು ಹಾಕಿದೆವು. ಆಗಲೂ ಅಂಚಿಗೆ ಅಂಟಿಕೊಂಡು ಬರುತ್ತಿದ್ದದ್ದನ್ನು ಬೀಳಿಸಲು ಡಬ್ಬದೊಳಗೆ, ತಟ್ಟೆ ಮೇಲಕ್ಕೆ ತಿರುಗುವ ಪಕ್ಕದಲ್ಲಿ, ಅದಕ್ಕೆ ತಗಲೀ ತಗಲದ ಹಾಗೆ ಒಂದು ಪಟ್ಟಿ ಕೂರಿಸಿದೆವು. ತಟ್ಟೆಯ ಗಾಳಿಗೆ ಹೊಟ್ಟು ಹಾರಿ ಕಣ್ಣಿಗೆ ಬೀಳುತ್ತಿತ್ತು. ಜಾರುದಾರಿಯ ಬಾಯಿಗೆ ಗೋಣಿಯ ಪರದೆ ಕಟ್ಟಿ ನೀರು ಚಿಮುಕಿಸಿದೆವು. ಆಮೇಲೆ ಬೇತಮಂಗಲದ ಹಸಿ ಮರ, ಸಿಪ್ಪೆ ಸಮೇತ, ಬೇಕೆಂದೇ ಕೊಟ್ಟೆವು. ಉದ್ದುದ್ದ ನಾರು ಚಕ್ಕೆಯ ಜೊತೆ ಜಾರಿ ವ್ಯಾಗನ್ನಿಗೆ ಬಿತ್ತು. ಸದ್ದು ನಿಲ್ಲಲಿಲ್ಲ. ನಾವು ಮೂವರೂ ಅದು ನಿಲ್ಲುವುದಕ್ಕೇ ಕಾಯುತ್ತಿದ್ದವರ ಹಾಗೆ ನಿಂತಿದ್ದೆವು. ಸಾಯಂಕಾಲದವರೆಗೂ ನಿಲ್ಲಲಿಲ್ಲ.

ಭಾವ ಗಡಾರಿ ಹಿಡಿದು ಜಾರುದಾರಿಯ ಸುತ್ತ ಓಡಾಡಿದರು. "ಇದ್ನ ಎಲ್ಲಿ ಆಕ್ಲಿ ಈಗ?" ಎಂದು ಗೊಣಗಿ, ಅದನ್ನು ಗೋಡೆಗೆ ಒರಗಿಸಿ, ವ್ಯಾಗನ್ನಿನ ಚಕ್ಕೆ ಹರಡಲು ಮರದ ಹಲಗೆ ಎತ್ತಿಕೊಂಡರು. ಬಾಗಿಗೆ ಬಡಿಯದ್ದರಿಂದ ಚಕ್ಕೆ ಒಡೆಯದೆ ಬಂತು. ಪುಡಿಯ ದೂರು ನಿಂತಿತು. ಆ ಒಂದು ಗುಣ ಹಿಡಿದುಕೊಂಡು ಕಾರ್ಖಾನೆಯವರ ಹತ್ತಿರ ಮಾತಾಡಿ, ತೂಕದಲ್ಲಿ ಕಳೆದುಕೊಂಡದ್ದನ್ನು ದರದಲ್ಲಿ ಒಪ್ಪಿಸಿಕೊಂಡೆ.

ಸೊಂಡಿಲು ಕಟ್ಟೆಯ ಕೆಳಗೆ ಹುಲ್ಲಿನಲ್ಲಿ ಬಿದ್ದಿತ್ತು. ಹಳಿಯ ಆಚೆ ಕಡೆ ಮರದ ಮಂಡಿ ಇಟ್ಟಿದ್ದವನೊಬ್ಬ ಅದನ್ನು ಕೇಳಿಕೊಂಡು ಬಂದ. ಅವನೂ ಇಂಥದೇ ಯಂತ್ರ ಎಲ್ಲಿಂದಲೋ ತರಿಸಿದ್ದ. ಒಳ್ಳೆಯ ದರ ಹೇಳಿ ತಾನೇ ಏರಿಸುತ್ತ ಹೋದ. ನಾನು ಬೇಡವೆಂದೆ. ಕಾರಣ ಪೂರ್ತಿ ಹೇಳಿದೆ, ಗಡಾರಿ ನೆಟ್ಟಿದ್ದ ತೂತಿರುವ ಮರದ ತುಂಡನ್ನೂ ತೋರಿಸಿದೆ.

"ನಮ್ ಆಳುಗಳು ಉಷಾರು ಬುಡಿ" ಎಂದ.

"ಕಟ್ಟೆಯಲ್ಲಿ ಜಾಗ ಇದೆ. ಮೆಷಿನ್ ತಂದು ನಮ್ಮ ಪಕ್ಕ ಹಾಕ್ಕೊಳ್ಳಿ. ಜಾರುದಾರಿ ನಾನೇ ಮಾಡಿಸಿಕೊಡ್ತೀನಿ."

ಅವನು ನಕ್ಕ. ಪೈಪೋಟಿಯವನು ಬಿಟ್ಟಿ ಕೊಡುವ ಸಲಹೆಯಲ್ಲಿ ಏನೋ ಹೂಟ ಇರುತ್ತದೆ ಎಂದು ಎಣಿಸಿರಬೇಕು. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಎಣಿಸುತ್ತಿದ್ದೆ. ಅವನು ಹೋದ ಮೇಲೆ ಫಿಟರನ ಕೈಯಲ್ಲಿ ಸೊಂಡಿಲನ್ನು ಉಳಿ ಸುತ್ತಿಗೆಯಿಂದ ತುಂಡು ತುಂಡು ಮಾಡಿಸಿದೆ. ಕಿಂಡಿಯ ಮುಚ್ಚಳ ಮೊದಲು.

ಆಚೆ ಕಡೆಯವನು ರಾಬರ್ಟ್‌ಸನ್‌ಪೇಟೆಯಲ್ಲಿ ಕಿಂಡಿ ಸಮೇತ ಹೊಸ ಕೊಳವೆ ಮಾಡಿಸಿದ. ಕೆಲವೇ ವಾರದಲ್ಲಿ ಹಳಿಯ ಆ ಬದಿಯಿಂದ ಆ ಸದ್ದು ಬರತೊಡಗಿತು, ತಗಡಿನ ಮೇಲೆ ಆಲಿಕಲ್ಲಿನ ಸದ್ದು. ದಿನಕ್ಕೆ ಹಲವು ಸಲ ಅದು ಗೊರಗುಟ್ಟಿ ನಿಲ್ಲುತ್ತಿತ್ತು. ನಿಂತಾಗ ಭಾವ ವ್ಯಾಗನ್ನಿನ ಮೇಲೆ ಹಲಗೆ ಹಿಡಿದು ಹಾಗೇ ನಿಲ್ಲುತ್ತಿದ್ದರು. ನಾನು ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಮತ್ತೆ ಸದ್ದು ಶುರುವಾದ ಮೇಲೆ ಇಬ್ಬರೂ ಕೆಲಸಕ್ಕೆ ತಿರುಗುತ್ತಿದ್ದೆವು.

ಒಂದು ಮಧ್ಯಾಹ್ನ, ಅವತ್ತೂ ಮಳೆ ಹನಿಯುತ್ತಿತ್ತು, ಸದ್ದು ನಿಂತಿತು. ಇಂಜಿನ್ನಿನ ಏದುಸಿರು ಮಾತ್ರ ಹಳಿ ದಾಟಿ ಕೇಳಿಸುತ್ತಿತ್ತು. ಭಾವ ಹಲಗೆ ಕೆಳಗಿಟ್ಟರು. ವ್ಯಾಗನ್ನಿನಿಂದ ಇಳಿದು, ಚಪ್ಪಲಿಯನ್ನೂ ಮೆಟ್ಟದೆ, ಹಳಿ ದಾಟಿ ಆಚೆಯ ಮರದ ರಾಶಿಗಳ ನಡುವೆ ಮರೆಯಾದರು. ನಾನು ಕಟ್ಟೆಯ ಅಂಚಿಗೆ ಬಂದು ನಿಂತೆ. ಏನೋ ಕೂಗಾಟ ಕೇಳಿಸಿತು, ಮಾತು ತಿಳಿಯಲಿಲ್ಲ. ಆಮೇಲೆ ಭಾವ ಬರುವುದು ಕಂಡಿತು. ಹೆಗಲ ಮೇಲೆ ಉದ್ದನೆಯ ಗಡಾರಿ.

ಮೇಲೆ ಹತ್ತಿ ಬಂದು ಅದನ್ನು ನನ್ನ ಕಾಲ ಬಳಿ ಹಾಕಿದರು.

"ಅವ್ರ ಆಳು ಒಳೀಕ್ ಆಕಿದ್ದ ಕಣ್ಲಾ. ಇಂಜಿನ್ ನಡೀತಾ ಐತೆ. ಎದುರ್ಗೇ ನಿಂತವ್ನೆ. ಪಕ್ಕಕ್ಕೂ ನಿಂತಿಲ್ಲ. ಕಿತ್ಕೊಂಡ್ ಬಂದೆ. ಎಲ್ಲಾದ್ರೂ ಬಚ್ಚಿಡು."

"ನಾಳೆ ಇನ್ನೊಂದು ತರ್ತಾರೆ ಬಾವ."

"ತರ್ಲಿ" ಎಂದು ಹಲಗೆ ಎತ್ತಿಕೊಂಡರು. "ಇವತ್ತಿಂದು ಆಯ್ತಲ್ಲ."

ಅವರು ವ್ಯಾಗನ್ನಿಗೆ ಇಳಿದರು. ನಾನು ಗಡಾರಿಯನ್ನು ತೊಲೆಗಳ ಸಂದಿಗೆ ತೂರಿಸಿ, ಮೇಲೆ ಗೋಣಿ ಎಳೆದೆ. ಯಂತ್ರದೊಳಗೆ ಹೋಗಿದ್ದ ಅದರ ತುದಿ ಇನ್ನೂ ಬೆಚ್ಚಗಿತ್ತು.